ಉಪವಾಸದ ಗಿಡಗಳು

ಹನ್ನೊಂದು ಗ್ರಾಂ ಹೆಚ್ಚಿತ್ತು. ಅವನು ಕುಂಡವನ್ನು ಎಡತಟ್ಟೆಯಿಂದ ಎತ್ತಿ ಬಲತಟ್ಟೆಗೆ ಇಟ್ಟ, ಹಿತ್ತಾಳೆಯ ತೂಕಗಳನ್ನು ಬಲದಿಂದ ಎಡಕ್ಕೆ ಸಾಗಿಸಿದ, ಮುಳ್ಳು ತೂಗಾಡಿ ನಿಲ್ಲುವ ತನಕ ಬಗ್ಗಿಕೊಂಡೇ ಕಾದ. ಈಗಲೂ ಹನ್ನೊಂದು. ತಕ್ಕಡಿಯ ತೋಳು ಸರಿಯಿದೆ, ಸುಳ್ಳು ಹೇಳುತ್ತಿರುವುದು ತಕ್ಕಡಿಯಲ್ಲ. ಚಳಿ ಹಿಡಿದು ಐದು ವಾರವಾಗಿತ್ತು. ಐದು ವಾರದಿಂದ ಈ ಕುಂಡಕ್ಕೆ ಹನಿ ನೀರು ಬಿದ್ದಿಲ್ಲ, ಬೀಳಬಾರದು. ಹಾಗಿದ್ದ ಮೇಲೆ ಭಾನುವಾರದಿಂದ ಭಾನುವಾರಕ್ಕೆ ಅದು ಎರಡೋ ಮೂರೋ ಗ್ರಾಂ ಹಗುರಾಗುತ್ತ ಹೋಗಬೇಕೇ ಹೊರತು ಭಾರವಾಗುವುದು ಹೇಗೆ? ಮಣ್ಣು ತಾನಾಗಿ ಮೈಕೈ ತುಂಬಿಕೊಳ್ಳುವುದಿಲ್ಲ. ಯಾರೋ ನೀರು ಹಾಕುತ್ತಿದ್ದಾರೆ. ಮನೆಯಲ್ಲಿ ಇರುವವರು ಮೂವರು. ಅವನಂತೂ ಹಾಕಿಲ್ಲ. ಉಳಿದವರಲ್ಲಿ ಒಬ್ಬಳು ಹೆಂಡತಿ, ಇನ್ನೊಬ್ಬಳು ಅಕ್ಕ. ಇಬ್ಬರಲ್ಲಿ ಒಬ್ಬರು ಎನ್ನುವಷ್ಟಕ್ಕೆ ಬಂದು ನಿಂತಾಗ ಕೆಲಸದಲ್ಲಿ ಸಿಗುವಂಥ ಒಂದು ಬಗೆಯ ಸುಖವೇ ಅವನಿಗೆ ಸಿಕ್ಕಿತು. ಸಿಕ್ಕಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಅಡುಗೆಮನೆಯಲ್ಲಿ ಇಬ್ಬರೂ ಏನೋ ಹೇಳಿಕೊಂಡು ನಗುವುದು ಕೇಳಿಸುತ್ತಿತ್ತು. ಅವನು ತೂಕಗಳನ್ನು ಚಿಮಟದಿಂದ ಒಂದೊಂದಾಗಿ ಎತ್ತಿ ಮಖಮಲ್ಲಿನ ಡಬ್ಬಿಯಲ್ಲಿ ಮಲಗಿಸಿದ.

ತೂಕ ಅಳತೆ ಇಲಾಖೆಯಲ್ಲಿ ಅವನು ಇಪ್ಪತ್ತೆರಡು ವರ್ಷದ ಇನ್ಸ್‌ಪೆಕ್ಟರು. ಪೇಟೆಯಲ್ಲಿ ಬೆನ್ನ ಹಿಂದೆ ಅವನನ್ನು ಮುಳ್ಳು ಎನ್ನುತ್ತಾರೆ. ತಕ್ಕಡಿಯ ಮುಳ್ಳು ಎಂಬ ಅರ್ಥದಲ್ಲಿ ಎಂದು ಬಹುಕಾಲ ನಂಬಿಕೊಂಡು ಒಳಗೊಳಗೇ ಹೆಮ್ಮೆಪಟ್ಟಿದ್ದ. ಬೇರೆ ಅರ್ಥವೂ ಇರಬಹುದೆಂದು ಹೊಳೆದದ್ದು ಈಚೆಗೆ. ಮಕ್ಕಳಿಲ್ಲದ ಮನೆಯಲ್ಲಿ ಸಕ್ಯುಲೆಂಟ್ ಗಿಡ ಸಾಕಿಕೊಂಡಿದ್ದ. ಹೂವಿನ ಹಾಗೆ ಎಲೆಯನ್ನು ಸುತ್ತುಸುತ್ತಾಗಿ ಜೋಡಿಸಿಕೊಂಡವು, ಬೆರಳಿನಷ್ಟು ದಪ್ಪದ ಎಲೆಯವು, ಗೋಲಿಯಂಥ ಎಲೆಗಳನ್ನು ಪೋಣಿಸಿಕೊಂಡು ಜೋತುಬಿದ್ದವು, ಒಟ್ಟು ಹದಿನಾಲ್ಕು ಕುಂಡ. ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಯಾರ ಹಂಗೂ ಇಲ್ಲದೆ ಇರುತ್ತವೆ ಎಂಬ ಕಾರಣಕ್ಕೇ ಅವನಿಗೆ ಅವುಗಳ ಮೇಲೆ ಗೌರವ. ಅಕ್ಕ ಅವಕ್ಕೆ ಉಪವಾಸದ ಗಿಡಗಳು ಎಂದು ಹೆಸರಿಟ್ಟಿದ್ದಳು. ಪಾಪ, ಒಂದು ಲೋಟ ನೀರು ಹಾಕೋಕೆ ನಿನ್ನ ಗಂಟೇನು ಹೋಗುತ್ತೋ ಎಂದು ಬಂದ ಮೊದಲ ವಾರವೇ ಕೇಳಿದ್ದಳು. ಚಳಿಯಲ್ಲಿ ಇವು ನಿದ್ದೆ ಹೋಗುತ್ತವೆ, ನಿದ್ದೆಯಲ್ಲಿರುವವರ ಬಾಯಿಗೆ ನೀರು ಹುಯ್ದರೆ ಏನಾಗುತ್ತದೋ ಇವಕ್ಕೂ ಅದೇ ಆಗುತ್ತದೆ ಎಂದು ಅವನು ತಾಳ್ಮೆಯಿಂದ ವಿವರಿಸಿದ್ದ. ಅಕ್ಕ ತಲೆಯಾಡಿಸಿದ್ದಳು. ಈಗ ನೆನೆಸಿಕೊಂಡರೆ, ಅವಳು ತಲೆಯಾಡಿಸಿದ ರೀತಿಯೇ ಒಪ್ಪಿದವರ ಹಾಗಿರಲಿಲ್ಲ, ದೊಡ್ಡವರು ಮಕ್ಕಳ ಮಾತಿಗೆ ಆಡಿಸುವ ಹಾಗಿತ್ತು.

ಕೊಳೆ ಶುರುವಾದದ್ದು ಮೂರನೇ ವಾರ. ಬುಡದ ಎಲೆ ಮೊದಲು ಹಳದಿಗೆ ತಿರುಗಿತು, ಆಮೇಲೆ ಒಳಗಿನ ನೀರು ಕಾಣುವಷ್ಟು ತೆಳ್ಳಗಾಯಿತು, ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಬಂತು. ಕಾಂಡ ಮಣ್ಣಿಗೆ ತಾಗುವಲ್ಲಿ ಕಪ್ಪು. ಇದರ ಮದ್ದು ಅವನಿಗೆ ಬಾಯಿಪಾಠ: ಗಿಡವನ್ನು ಕುಂಡದಿಂದ ಕಿತ್ತು, ಬೇರಿನ ಮಣ್ಣು ಒದರಿ, ಸ್ಪಿರಿಟ್ಟಿನಲ್ಲಿ ಒರೆಸಿದ ಬ್ಲೇಡಿನಿಂದ ಕಾಂಡವನ್ನು ಕೆಳಗಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಮೇಲಕ್ಕೆ ಬರಬೇಕು. ಬಿಲ್ಲೆಯ ನಡುವೆ ಕಂದು ಉಂಗುರ ಕಾಣುವ ತನಕ ಕೊಳೆ ಇದೆ ಎಂದರ್ಥ. ಪೂರ್ತಿ ಹಸಿರು ಬಂತೋ, ಬ್ಲೇಡು ಕೆಳಗಿಡಬೇಕು. ಗಾಯಕ್ಕೆ ಇದ್ದಿಲ ಪುಡಿ ಒತ್ತಿ, ಹಳೇ ಪತ್ರಿಕೆಯ ಮೇಲೆ ವಾರ ಹತ್ತು ದಿನ ಮಲಗಿಸಿ, ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಒಣಮರಳಿನಲ್ಲಿ ನಿಲ್ಲಿಸಿ, ಮುಂದಿನ ಹದಿನೈದು ದಿನ ನೀರಿನ ಹೆಸರೆತ್ತಬಾರದು. ಎಲ್ಲ ಸುಲಭ, ಬ್ಲೇಡು ಕೆಳಗಿಡುವುದೊಂದು ಬಿಟ್ಟು. ಎಲ್ಲಕ್ಕಿಂತ ಹಳೆಯ ಗಿಡ, ಅವನಿಗೆ ಕೆಲಸ ಸಿಕ್ಕ ವರ್ಷ ತಂದದ್ದು, ಅದರ ಮೂರನೇ ಬಿಲ್ಲೆಯಲ್ಲೇ ಹಸಿರು ಬಂದಿತ್ತು. ಆದರೂ ನಡುವೆ ಸೂಜಿಮೊನೆಯಷ್ಟು ಏನೋ ಇದೆ ಅನ್ನಿಸಿತು. ಇನ್ನೊಂದು ಕೊಯ್ದ. ಬೆಳಕಿಗೆ ಹಿಡಿದ. ಅದು ನೆರಳೋ ಕಲೆಯೋ ತಿಳಿಯಲಿಲ್ಲ, ಇನ್ನೊಂದು ಕೊಯ್ದ. ಹೆಂಡತಿ ಶಾಲೆಯ ಕಚೇರಿಗೆ ಹೊರಟವಳು, ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು ನೋಡಿ, ಇನ್ನೇನು ಉಳಿದಿದೆ ಕೊಯ್ಯೋಕೆ ಎಂದಳು. ತಗ್ಗಿ ನೋಡಿದರೆ ಕೈಯಲ್ಲಿ ಕಾಂಡವಿಲ್ಲದ ನಾಲ್ಕು ಎಲೆಯಷ್ಟೇ ಉಳಿದಿತ್ತು. ಅವಳ ದನಿಯಲ್ಲಿ ಮರುಕವಿತ್ತೋ ಖುಷಿಯಿತ್ತೋ ಎಂದು ಅವನು ಆ ದಿನವೆಲ್ಲ ಯೋಚಿಸಿದ.

ಅಕ್ಕ ಬಂದದ್ದು ಚಳಿ ಶುರುವಾಗುವ ಮೊದಲು. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕೋಟುಗಳಿಗೆ ಕಾಲರು ಕೂರಿಸಿ, ಬಟ್ಟೆಯ ಧೂಳು ಎದೆಗಿಳಿದು, ಕೆಲಸ ಬಿಟ್ಟಿದ್ದಳು. ಮದುವೆ ಆಗಿರಲಿಲ್ಲ, ಆಗದ್ದಕ್ಕೆ ಅವನ ಓದು ಒಂದು ಕಾರಣ ಎಂದು ನೆಂಟರು ಹೇಳುತ್ತಿದ್ದರು, ಅಕ್ಕ ಹೇಳಿರಲಿಲ್ಲ. ಇದ್ದ ಒಂಟಿ ಕೋಣೆಯನ್ನು ಬಿಟ್ಟುಕೊಟ್ಟು, ಎರಡು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ, ಇನ್ನೆಲ್ಲೂ ಹೋಗೋದು ಬೇಡ, ಕೊನೇವರೆಗೂ ಇಲ್ಲೇ ಎಂದು ಅವನೇ ಅಂದಿದ್ದ. ಅದು ಸುಳ್ಳಲ್ಲ. ಆದರೆ ಮನೆಯಲ್ಲಿ ಇನ್ನೊಂದು ಕೋಣೆ ಅಂತ ಇದ್ದದ್ದು ಬೀದಿಯ ಕಡೆಯ ಗಿಡದ ಕೋಣೆ ಮಾತ್ರ. ಅಲ್ಲೇ ಮಂಚ ಹಾಕಿದರು. ಕಿಟಕಿಯುದ್ದಕ್ಕೂ ಗಾಜಿಗೆ ತಾಗಿಸಿ ಇಟ್ಟ ಎಂಟು ಕುಂಡ, ಅದರ ಪಕ್ಕ ಅಕ್ಕನ ತಲೆದಿಂಬು, ಆಚೆ ಗೋಡೆಯ ಮೇಜಿನ ಮೇಲೆ ಆರು. ಚಳಿಗಾಳಿ ಗಿಡಕ್ಕೆ ತಾಗಬಾರದೆಂದು ಅವನು ಕಿಟಕಿಯ ಸಂದುಗೊಂದಿಗೆಲ್ಲ ಅಂಟುಪಟ್ಟಿ ಹಚ್ಚಿ ಬಿಗಿ ಮಾಡಿದ್ದ. ಒಂದೆರಡು ಸಲ ಅಕ್ಕ, ಬೆಳಗಿನ ಹೊತ್ತು ಉಸಿರು ಕಟ್ಟಿದ ಹಾಗಾಗುತ್ತೆ, ಒಂದು ಬೆರಳಷ್ಟು ಕಿಟಕಿ ತೆಗೀಲಾ ಎಂದು ಕೇಳಿದಳು. ಚಳಿ ಕಳೆಯಲಿ ಎಂದ. ಅವಳು ಮತ್ತೆ ಕೇಳಲಿಲ್ಲ. ಅವಳ ಸ್ವಭಾವವೇ ಅಂಥದ್ದು, ಬೇಕಾದ್ದನ್ನು ಎರಡು ಸಲಕ್ಕಿಂತ ಹೆಚ್ಚು ಕೇಳುವವಳಲ್ಲ.

ಅವನ ಅನುಮಾನ ಅವಳ ಕಡೆ ಸರಿದದ್ದು ಒಂದು ಬಟ್ಟೆಯಿಂದ. ಬೆಳಿಗ್ಗೆ ಎಂಟಕ್ಕೆ ಅವನು ಗಿಡ ನೋಡಲು ಹೋಗುವಾಗ ಮಂಚದ ಕಂಬಿಯ ಮೇಲೆ ಒಂದು ಹಳೇ ಬಟ್ಟೆಯ ತುಂಡು ಒಣಹಾಕಿರುತ್ತಿತ್ತು. ಒಂದು ದಿನ ಮುಟ್ಟಿ ನೋಡಿದ, ಒದ್ದೆ. ಮರುದಿನವೂ ಒದ್ದೆ. ಚೆಲ್ಲಿದ ನೀರನ್ನು ಒರೆಸಿದವರ ಬಟ್ಟೆ ಅಲ್ಲದೆ ಇನ್ನೇನು? ಮೇಲಾಗಿ ತೂಕ ಏರುತ್ತಿದ್ದದ್ದು ಕಿಟಕಿಯ ಎಂಟು ಕುಂಡಗಳದ್ದು ಮಾತ್ರ. ಮೇಜಿನ ಆರು ಎಂದಿನಂತೆ ಹಗುರಾಗುತ್ತಲೇ ಇದ್ದವು. ಮಂಚದಲ್ಲಿ ಎದ್ದು ಕೂತವರ ಕೈ ಚಾಚಿದರೆ ಎಟಕುವುದು ಕಿಟಕಿಯ ಎಂಟು. ಹೆಂಡತಿ ಆಗಿದ್ದರೆ ಹದಿನಾಲ್ಕಕ್ಕೂ ಹಾಕುತ್ತಿದ್ದಳು, ಅವಳದ್ದು ಅರ್ಧಂಬರ್ಧ ಕೆಲಸವಲ್ಲ. ಇಷ್ಟೆಲ್ಲ ತರ್ಕ ಮಾಡಿ, ಒಂದು ಬೆಳಿಗ್ಗೆ ಆರಕ್ಕೇ ಎದ್ದು, ಅಕ್ಕನ ಕೋಣೆಯ ಬಾಗಿಲ ಪಕ್ಕ ಗೋಡೆಗೆ ಬೆನ್ನು ಹಚ್ಚಿ ಕಿವಿ ನಿಮಿರಿಸಿ ನಿಂತ. ನೆಲ ತಣ್ಣಗೆ ಕೊರೆಯುತ್ತಿತ್ತು. ಒಳಗೆ ಏನೋ ಸರಬರ, ಆಮೇಲೆ ಬಟ್ಟೆ ಹಿಂಡಿ ತಟ್ಟೆಗೆ ನೀರು ಬೀಳುವ ಸದ್ದು. ನುಗ್ಗಿಬಿಡಲೇ ಎನ್ನುವಷ್ಟರಲ್ಲಿ ಬಾಗಿಲು ತೆರೆದು ಅಕ್ಕ ಕೈಯಲ್ಲಿ ತಟ್ಟೆ ಹಿಡಿದು ಅವನಿಗೇ ಡಿಕ್ಕಿ ಹೊಡೆಯುವಂತೆ ಬಂದಳು. ಚಳೀಲಿ ಬರಿಗಾಲಲ್ಲಿ ಯಾಕೋ ನಿಂತಿದ್ದೀಯ ಮರಿ, ಬಾತ್‌ರೂಮಿಗೆ ಅವಸರವಾ, ನೀನೇ ಮೊದಲು ಹೋಗು ಎಂದು ದಾರಿ ಬಿಟ್ಟಳು. ಐವತ್ತು ವರ್ಷದ ಇನ್ಸ್‌ಪೆಕ್ಟರು ಬೇರೆ ದಾರಿ ಕಾಣದೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಸುಮ್ಮನೆ ನಿಂತುಕೊಂಡ. ಅವಳು ಬೇಕಂತಲೇ ಹಾಗೆ ಅಂದಳೇ ಎಂಬ ಹುಳ ಆಮೇಲೆ ಕೊರೆಯತೊಡಗಿತು.

ಆ ವಾರ ಪೇಟೆಯಲ್ಲೂ ಅವನ ಮೂಗಿನ ಮೇಲೇ ಸಿಟ್ಟು. ಬೇಳೆಕಾಳಿನ ಅಂಗಡಿಯಾಕೆಯೊಬ್ಬಳ ತಕ್ಕಡಿಯಲ್ಲಿ ನಾಲ್ಕು ಗ್ರಾಂ ವ್ಯತ್ಯಾಸ ಸಿಕ್ಕಿತು. ತಟ್ಟೆಯ ಅಡಿಗೆ ಅಂಟಿದ್ದದ್ದು ಬೆಲ್ಲದ ಪಾಕವೋ ಬೇಕಂತಲೇ ಅಂಟಿಸಿದ್ದೋ ಹೇಳುವುದು ಕಷ್ಟ. ಆಕೆ, ನನಗೆ ಗೊತ್ತೇ ಇರಲಿಲ್ಲ ಸಾರ್ ಎಂದಳು. ಎಲ್ಲರೂ ಅನ್ನುವುದೇ ಅದು. ಅವನ ಚೀಲದಲ್ಲಿ ಅದಕ್ಕೆಂದೇ ಅಚ್ಚು ಮಾಡಿಸಿದ ಹಾಳೆ ಇರುತ್ತದೆ, ಒಪ್ಪಿಗೆ ಪತ್ರ: ತಪ್ಪು ನನ್ನದೇ ಎಂದು ಒಪ್ಪಿ ಸಹಿ ಹಾಕಿದರೆ ಸಣ್ಣ ದಂಡಕ್ಕೆ ಅಲ್ಲೇ ತೀರುತ್ತದೆ, ಇಲ್ಲವೆಂದರೆ ತಕ್ಕಡಿ ಜಪ್ತಿ, ಕೋರ್ಟು, ತಿಂಗಳುಗಟ್ಟಲೆ ಅಲೆದಾಟ. ಹಾಳೆಯನ್ನು ಮುಂದೆ ಚಾಚಿ ಅವನು ಇಪ್ಪತ್ತೆರಡು ವರ್ಷದಿಂದ ಹೇಳುವ ಮಾತನ್ನೇ ಹೇಳಿದ, ಒಪ್ಪಿಕೊಂಡುಬಿಡಿ, ಮುಗಿದುಹೋಗುತ್ತೆ. ಆಕೆ ಅಂಗಡಿಯಲ್ಲಿ ನಿಂತ ಗಿರಾಕಿಗಳ ಕಡೆ ನೋಡಿದಳು, ತಕ್ಕಡಿಯ ಕಡೆ ನೋಡಿದಳು, ಸಹಿ ಹಾಕಿದಳು. ಸಹಿ ಬಿದ್ದ ಹಾಳೆ ಕೈಗೆ ಬಂದಾಗ ಅವನಿಗೆ ಎಂದೂ ಸಂಶಯ ಉಳಿದದ್ದಿಲ್ಲ. ತಪ್ಪಿಲ್ಲದವರು ಯಾಕೆ ಒಪ್ಪಿಕೊಳ್ಳುತ್ತಾರೆ? ಹೊರಡುವಾಗ ಆಕೆ ಪಕ್ಕದ ಅಂಗಡಿಯವನಿಗೆ ಏನೋ ಅಂದಳು, ಇಬ್ಬರೂ ನಕ್ಕರು. ಮುಳ್ಳು ಎನ್ನುವ ಮಾತೊಂದು ಕಿವಿಗೆ ಬಿತ್ತು. ಬಿತ್ತೋ, ಬೀಳಬಹುದೆಂದು ಅವನೇ ಕಾದಿದ್ದನೋ.

ಮುಂದಿನ ಭಾನುವಾರ ಹದಿಮೂರು ಗ್ರಾಂ. ಇನ್ನೂ ಎರಡು ಗಿಡ ಬುಡದಲ್ಲಿ ಕುಸಿದು ತಲೆ ವಾಲಿಸಿಕೊಂಡಿದ್ದವು. ಅವನು ಊಟದ ಮೇಜಿಗೆ ಆ ಎರಡು ಕುಂಡಗಳನ್ನು ತಂದು ನಡುವೆ ಇಟ್ಟ. ಹೆಂಡತಿ, ಊಟದ ಜಾಗದಲ್ಲಿ ಇದೇನಿದು ಎಂದಳು. ಅವನು ನಿಂತೇ ಮಾತಾಡಿದ, ಅಂಗಡಿಗಳಲ್ಲಿ ಮಾತಾಡುವ ಹಾಗೆ, ದನಿಯೇರಿಸದೆ. ಕುಂಡಗಳ ತೂಕ, ತಾರೀಕು, ಒದ್ದೆ ಬಟ್ಟೆ, ಎಟಕುವ ಎಂಟು, ಎಟಕದ ಆರು, ಎಲ್ಲವನ್ನೂ ಒಂದೊಂದಾಗಿ ಬಿಚ್ಚಿಟ್ಟ. ಅಕ್ಕ ತುತ್ತು ಕೈಯಲ್ಲೇ ಹಿಡಿದು ಕೇಳಿದಳು. ನಾನು ನೀರು ಹಾಕಿಲ್ಲ ಮರಿ ಎಂದಳು. ಹಾಗಾದರೆ ಬಟ್ಟೆ ಯಾಕೆ ಒದ್ದೆ ಎಂದ. ಗಾಜು ಒರೆಸ್ತೀನಿ ಎಂದಳು. ದಿನಾ ಬೆಳಿಗ್ಗೆ ಯಾರಾದರೂ ಕಿಟಕಿಯ ಗಾಜು ಒರೆಸುತ್ತಾರೆಯೇ? ಅವನಿಗೆ ನಗು ಬಂತು, ಇದಕ್ಕಿಂತ ಒಳ್ಳೆಯ ನೆವಗಳನ್ನು ಪೇಟೆಯಲ್ಲಿ ಕೇಳಿದ್ದ. ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ, ಇಲ್ಲ ಎಂದಳು. ಆಗ ಅವನು ಹೆಂಡತಿಯ ಕಡೆ ತಿರುಗಿದ. ಅವಳ ಮುಖ ಬಿಳಿಚಿಕೊಂಡಿತ್ತು. ಹೆದರಿಕೆಯಿಂದಲ್ಲ, ಅದು ಬಹಳ ದಿನದಿಂದ ಅದುಮಿಟ್ಟ ಸಿಟ್ಟು ಎಂದು ಅವನಿಗೆ ಆಗ ತಿಳಿಯಲಿಲ್ಲ. ಅಕ್ಕ ಅಲ್ಲದಿದ್ದರೆ ಹಾಗಾದರೆ ನೀನು ಎಂದು ಅವನು ಶುರುಮಾಡಿದ, ಮಾಡಿ, ಅರ್ಧಕ್ಕೆ ನಿಲ್ಲಿಸಿ ಅಕ್ಕನಿಗೇ ಕೊನೆಯ ಅವಕಾಶ ಕೊಡುವವನಂತೆ ಹೇಳಿದ.

"ಇದೇನು ದೊಡ್ಡ ವಿಷಯ ಅಲ್ಲ ಅಕ್ಕ. ಒಪ್ಪಿಕೊಂಡುಬಿಡು, ಮುಗಿದುಹೋಗುತ್ತೆ."

ಅಕ್ಕ ಅವನನ್ನು ನೋಡಿದಳು. ಆಮೇಲೆ ಅವನ ಹೆಂಡತಿಯನ್ನು ನೋಡಿದಳು.

"ಸರಿ," ಎಂದಳು. "ನಾನೇ ಹಾಕಿದ್ದು."

ಕುಡಿಯುವ ನೀರೇ ಹಾಕಿದೆ, ದಿನಾ ಒಂದು ಚಮಚ ಎಂದೂ ಸೇರಿಸಿದಳು. ಅತ್ತಿಗೆ ಎಂದು ಹೆಂಡತಿ ಏನೋ ಹೇಳಹೋದಳು, ಅಕ್ಕ ಅವಳ ತಟ್ಟೆಗೆ ಪಲ್ಯ ಬಡಿಸಿ, ಊಟ ಮಾಡು ಆರಿಹೋಗುತ್ತೆ ಎಂದಳು. ಅವನು ದೊಡ್ಡ ಮನಸ್ಸು ಮಾಡಿ, ಹೋಗಲಿ ಬಿಡು, ಇನ್ನುಮುಂದೆ ಹಾಕಬೇಡ ಎಂದ. ಆ ದಿನ ಊಟ ರುಚಿಯಾಗಿತ್ತು. ನಾಲ್ಕು ದಿನದ ಮೇಲೆ ಅಕ್ಕ, ಹಳೇ ಗೆಳತಿಯೊಬ್ಬಳು ಬಟ್ಟೆ ರಿಪೇರಿ ಅಂಗಡಿ ಇಟ್ಟಿದ್ದಾಳೆ, ಕೈ ಸಾಲದು ಅಂತ ಕರೀತಿದ್ದಾಳೆ, ಹಿಂದುಗಡೆ ಮಂಚವೂ ಇದೆ ಎಂದು ಎರಡು ಪೆಟ್ಟಿಗೆಯನ್ನೂ ಜೋಡಿಸಿದಳು. ಹೋಗಬೇಡ ಎಂದು ಅವನು ಹೇಳಿದ್ದು ನಿಜ. ಆದರೆ ಒಂದು ಸಲ ಹೇಳಿದ. ಬಾಗಿಲಲ್ಲಿ ಹೆಂಡತಿ ಅಕ್ಕನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ, ಇಬ್ಬರೂ ಒಂದು ಮಾತೂ ಆಡಲಿಲ್ಲ. ಮಾತಾಡದೆಯೇ ಏನೋ ಮಾತಾಡಿಕೊಂಡರು ಎಂದು ಪೆಟ್ಟಿಗೆ ಹಿಡಿದು ನಿಂತ ಅವನಿಗೆ ಅನ್ನಿಸಿತು.

ಮುಂದಿನ ಭಾನುವಾರ ಎಂಟು ಕುಂಡವೂ ಹಗುರಾಗಿದ್ದವು. ಅದರ ಮುಂದಿನ ಭಾನುವಾರ ಇನ್ನೂ ಹಗುರ. ಇದಕ್ಕಿಂತ ಸಾಕ್ಷಿ ಏನು ಬೇಕು? ಅವನು ತೂಕ ಬರೆದ ಪುಸ್ತಕವನ್ನು ಹಿಡಿದು ಹೆಂಡತಿಯ ಹತ್ತಿರ ಹೋದ, ನೋಡು ಎಂದ. ಅವಳು ನೋಡಲಿಲ್ಲ. ಹೊಸ ಕೊಳೆಯಿಲ್ಲ, ಕೊಯ್ದ ಗಾಯಗಳು ಹಕ್ಕಳೆ ಕಟ್ಟಿವೆ ಎಂದ. ಸಂತೋಷ ಎಂದಳು. ಅಕ್ಕ ಹೋದಾಗಿನಿಂದ ಅವಳ ಬಾಯಿಂದ ಬರುತ್ತಿದ್ದವು ಇಂಥ ಒಂಟಿ ಮಾತುಗಳೇ, ಸಂತೋಷ, ಆಗಲಿ, ಬಡಿಸಿದೀನಿ. ಮಲಗುವ ಕೋಣೆಯಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಬೆನ್ನು ಕೂಡ ಮುಖ ಗಂಟು ಹಾಕಿಕೊಂಡಂತೆ ಕಾಣುತ್ತಿತ್ತು. ಹೀಗೇ ಒಂದು ಗುರುವಾರ, ಗಿಡಗಳನ್ನು ಹತ್ತಿರದಿಂದ ಗಮನಿಸಬೇಕು ಎಂದು ನೆವ ಹೇಳಿ ತನ್ನ ಹಾಸಿಗೆಯನ್ನು ಗಿಡದ ಕೋಣೆಗೆ, ಅಕ್ಕನ ಮಂಚಕ್ಕೆ ಸಾಗಿಸಿದ. ಬೇಡ ಅನ್ನುತ್ತಾಳೆ ಎಂದು ಕಾದ. ಕಂಬಳಿ ಇನ್ನೊಂದು ಬೇಕಾ ಎಂದಳು.

ಭಾನುವಾರ ಬೆಳಿಗ್ಗೆ ಎದ್ದವನೇ ಮೊದಲ ಕುಂಡವನ್ನು ತಕ್ಕಡಿಗೇರಿಸಿದ. ಏಳು ಗ್ರಾಂ ಹೆಚ್ಚಿತ್ತು. ಎರಡನೆಯದು ಆರು. ಮೂರನೆಯದು ಒಂಬತ್ತು. ಅವನ ತಲೆಗೆ ಮೊದಲು ಬಂದದ್ದು, ನಾನು ಮಲಗಿದ ಮೇಲೆ ಅವಳು ಬಂದಿದ್ದಾಳೆ. ಬೆಕ್ಕಿನ ಹೆಜ್ಜೆಯಲ್ಲಿ ಬಂದು ನನ್ನ ತಲೆಯ ಮೇಲಿನಿಂದ ಕೈ ಚಾಚಿ ನೀರು ಹಾಕಿದ್ದಾಳೆ, ಅಕ್ಕನ ಸೇಡು ತೀರಿಸುತ್ತಿದ್ದಾಳೆ. ಬಾಗಿಲ ಕಡೆ ತಿರುಗಿದವನು ಹಾಗೇ ನಿಂತ, ಯಾಕೆಂದರೆ ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು, ಹಾಕಿದ್ದು ಅವನೇ. ಆಗ ಅವನ ಕಣ್ಣು ಕಿಟಕಿಗೆ ಹೋಯಿತು. ಗಾಜಿನ ತುಂಬ ಮಂಜು ಹಿಡಿದಂತೆ ಬೆಳ್ಳಗಾಗಿತ್ತು. ಮೇಲಿನಿಂದ ಹನಿಯೊಂದು ಇಳಿದು ಇನ್ನೊಂದಕ್ಕೆ ಸೇರಿ, ಎರಡೂ ಸೇರಿ ಓಡಿ, ಚೌಕಟ್ಟಿನ ಅಂಚಿಗೆ ಬಂದು, ಒಂದು ಕ್ಷಣ ಗುಂಡಗೆ ನಿಂತು, ಕುಂಡದೊಳಗೆ ಬಿದ್ದವು. ಗಾಜಿಗೆ ಒರಗಿದ್ದ ದಪ್ಪೆಲೆಯೊಂದರ ಮೇಲಿಂದ ಇನ್ನೊಂದು ಹನಿ ಜಾರಿ ಬುಡಕ್ಕಿಳಿಯಿತು. ಅವನು ಬೆರಳಿಟ್ಟು ಅಂಟುಪಟ್ಟಿಯ ಗುಂಟ ಎಳೆದ, ಪಟ್ಟಿಯ ಮೇಲೆ ಪುಟ್ಟ ಕಾಲುವೆಯಷ್ಟು ನೀರಿತ್ತು. ಹೊರಗೆ ಹೋಗಲು ದಾರಿಯಿಲ್ಲದ ಮೂರು ರಾತ್ರಿಯ ಅವನ ಉಸಿರು.

ಅವನು ಮಂಚದ ಮೇಲೆ ಕೂತ. ಅಕ್ಕ ದಿನಾ ಬೆಳಿಗ್ಗೆ ಅವನು ಬರುವ ಮೊದಲೇ ಇದನ್ನು ಒರೆಸಿ, ಹಿಂಡಿ, ತಟ್ಟೆಯ ನೀರು ಚೆಲ್ಲಿ, ಬಟ್ಟೆ ಒಣಹಾಕುತ್ತಿದ್ದಳು. ಗಿಡಕ್ಕೆ ತಾಗೀತು ಎಂದೇ ಒರೆಸಿರಬೇಕು. ಈ ಕೋಣೆಯಲ್ಲಿ ಅವಳು ಮಾಡಿದ ತಪ್ಪೆಂದರೆ ಉಸಿರಾಡಿದ್ದು. ಅಮ್ಮ ಸತ್ತ ವರ್ಷ ಅವನಿಗೆ ಏಳು, ಅಕ್ಕನಿಗೆ ಹದಿನಾರು. ಅಮ್ಮ ನಿದ್ದೆಯಲ್ಲೇ ಹೋಗಿದ್ದಳು, ಬೆಳಿಗ್ಗೆ ಎಬ್ಬಿಸಲು ಹೋಗಿ ಕಂಡದ್ದು ಅವನೇ. ಅದಾದ ಮೇಲೆ ಬಹಳ ದಿನ ಅವನು ನಡುನಡುವೆ ಎದ್ದು ಪಕ್ಕದಲ್ಲಿ ಮಲಗಿದ ಅಕ್ಕನ ಮೂಗಿನ ಹತ್ತಿರ ಅಂಗೈ ಹಿಡಿದು ನೋಡುತ್ತಿದ್ದ. ಬೆಚ್ಚಗೆ ತಾಗಿದರೆ ನಿದ್ದೆ. ಒಂದು ಸಲ ಅವಳು ಎಚ್ಚರಾಗಿ, ಇದೀನಿ ಮಲಕ್ಕೋ ಎಂದಿದ್ದಳು, ಕಣ್ಣು ಕೂಡ ತೆರೆಯದೆ. ಅವನಿಗೆ ಅಳು ಬಂತು. ಐವತ್ತು ವರ್ಷದವನು ಮಂಚದ ಕಂಬಿ ಹಿಡಿದುಕೊಂಡು ಅತ್ತ, ಅಳುತ್ತಿರುವಾಗಲೇ ಈ ದನಿ ಹೊರಗೆ ಹೆಂಡತಿಗೆ ಕೇಳಿಸುತ್ತಿದೆಯೇ ಎಂದು ಕಿವಿಗೊಟ್ಟ.

ಸ್ವಲ್ಪ ಹೊರಗೆ ಹೋಗಿ ಬರ್ತೀನಿ ಎಂದಷ್ಟೇ ಹೇಳಿ ಬಸ್ಸು ಹಿಡಿದ. ಕೋಣೆಯ ಬಾಗಿಲು ಹಾಕುವುದನ್ನು ಮರೆತಿದ್ದ. ಬಟ್ಟೆ ರಿಪೇರಿ ಅಂಗಡಿ ನಾಲ್ಕು ರಸ್ತೆ ಸೇರುವಲ್ಲಿ, ಬೀಗದ ಕೈ ಮಾಡುವವನಿಗೂ ಔಷಧಿ ಅಂಗಡಿಗೂ ನಡುವೆ ಒತ್ತಿಕೊಂಡಿತ್ತು. ಅಕ್ಕ ಬಾಗಿಲ ಬೆಳಕಿಗೆ ಸ್ಟೂಲು ಹಾಕಿಕೊಂಡು ಯಾರದೋ ಹಳೇ ಕೋಟಿನ ಕಾಲರು ಬಿಚ್ಚುತ್ತಿದ್ದಳು. ಸವೆದ ಮುಖವನ್ನು ಒಳಗೆ ಮಾಡಿ, ಒಳಮುಖವನ್ನು ಹೊರಗೆ ತಿರುಗಿಸಿ ಹೊಲಿದರೆ ಕೋಟು ಇನ್ನೆರಡು ವರ್ಷ ಬರುತ್ತದೆ. ಬಾ ಎಂದು ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆ ಎತ್ತಿದಳು, ಕೂತ್ಕೋ ಎಂದಳು, ಚಹಾ ತರಿಸ್ಲಾ ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು, ಅದಕ್ಕೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕಲಸಿಹೋಗಿ, ನೀರು ಗಾಜಿನಿಂದ ಇಳೀತಿತ್ತು ಅಕ್ಕ ಎಂದ. ಹ್ಞೂಂ, ಒರೆಸ್ತಿದ್ದೆನಲ್ಲ ಎಂದಳು.

"ಹಾಗಾದ್ರೆ ಯಾಕೆ ಒಪ್ಪಿಕೊಂಡೆ?"

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ಎರಡು ಸಲ ಇಲ್ಲ ಅಂದೆ. ಆಮೇಲೆ ನೀನು ಅವಳ ಕಡೆ ತಿರುಗಿದೆ."

ಅವಳು ಕಾಲರಿನ ಒಳಮುಖವನ್ನು ಹೊರಗೆ ತಿರುಗಿಸಿಕೊಂಡಳು.

"ಅವಳು ನನ್ನ ಹಾಗೆ ಹ್ಞೂಂ ಅಂತಿರಲಿಲ್ಲ, ಎದ್ದು ಹೋಗ್ತಿದ್ಲು. ನಂಗಾದ್ರೆ ಇಲ್ಲೊಂದು ಮಂಚ ಇತ್ತು. ನೀನು ಒಬ್ಬನೇ ಏನ್ ಮಾಡ್ತಿದ್ದೆ?"

ಅಂಟುಪಟ್ಟಿ ಎಲ್ಲ ಕಿತ್ತುಹಾಕ್ತೀನಿ, ಗಿಡಗಳನ್ನ ಯಾರಿಗಾದರೂ ಕೊಟ್ಟುಬಿಡ್ತೀನಿ, ಇವತ್ತೇ ಬಾ, ಪೆಟ್ಟಿಗೆ ನಾನು ಹೊರ್ತೀನಿ ಎಂದು ಅವನು ಒಂದೇ ಉಸಿರಿಗೆ ಹೇಳಿದ. ಗಿಡ ಯಾಕೆ ಕೊಡ್ತೀಯ, ಅವೇನು ಮಾಡಿದ್ವು ಎಂದು ಅಕ್ಕ ನಕ್ಕಳು. ಬರುವುದಿಲ್ಲ ಎಂದು ನೇರವಾಗಿ ಹೇಳಲಿಲ್ಲ. ಇಲ್ಲಿ ಬೆಳಿಗ್ಗೆ ಕಿಟಕಿ ತೆಗೆದರೆ ಬಿಸಿಲು ಕಾಲ ಮೇಲೇ ಬೀಳುತ್ತೆ, ಗೆಳತಿ ವಟವಟ ಅಂತಾಳೆ, ಆದರೆ ನಾನು ಎದ್ದು ಓಡಾಡಿದ್ರೆ ಯಾರೂ ತಿರುಗಿ ನೋಡಲ್ಲ ಎಂದಳು. ಅವನಿಗೆ ಆ ಮಾತು ಅರ್ಥವಾಯಿತು, ಅರ್ಥವಾಗದವನಂತೆ ಮತ್ತೆ ಕರೆದ. ಮೂರನೇ ಸಲ ಕರೆದಾಗ ಅವಳು ಕೋಟನ್ನು ಮಡಿಲಲ್ಲಿಟ್ಟು ಅವನ ಮೊಣಕಾಲ ಮೇಲೆ ಕೈಯಿಟ್ಟಳು. ಆ ಕೈ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು.

"ಮನೆಗೆ ಹೋಗು ಮರಿ. ಹೋಗಿ ಅವಳ ಜೊತೆ ಒಂದು ಲೋಟ ಕಾಫಿ ಕುಡಿ. ಏನೂ ಕೇಳಬೇಡ, ಆಯ್ತಾ? ಏನೂ ಕೇಳಬೇಡ."

ಆಯ್ತು ಎಂದ. ಆ ಹೊತ್ತಿಗೆ ಮನಸ್ಸಿಟ್ಟೇ ಅಂದಿದ್ದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬೀದಿಗಳು ತೊಳೆದಿಟ್ಟ ಹಾಗೆ ಚೊಕ್ಕಟವಾಗಿದ್ದವು, ಚಳಿಯ ಬಿಸಿಲು ಎಲ್ಲರ ಮುಖದ ಮೇಲೂ ಒಂದೇ ಸಮ ಬಿದ್ದಿತ್ತು, ಬೇಳೆಕಾಳಿನ ಅಂಗಡಿಯ ಮುಂದೆ ಹಾದುಹೋಗುವಾಗ ಇಳಿದು ಆಕೆಗೆ ಏನಾದರೂ ಹೇಳಬೇಕು ಅನ್ನಿಸಿತು, ಏನೆಂದು ತಿಳಿಯದೆ ಕೂತೇ ಇದ್ದ. ಆ ಹಾಳೆಗಳು ಎಷ್ಟಿರಬಹುದು, ಇಪ್ಪತ್ತೆರಡು ವರ್ಷದವು? ಎದೆ ಭಾರವಾಗಿಯೂ ಹಗುರಾಗಿಯೂ ಇತ್ತು. ಹೆಂಡತಿಗೆ ತಪ್ಪಾಯಿತು ಎನ್ನಬೇಕು, ಹೋದ ತಕ್ಷಣ ಅನ್ನಬೇಕು. ಹೀಗೆ ಅಂದುಕೊಳ್ಳುತ್ತ ಎರಡು ಸ್ಟಾಪು ದಾಟಿದ. ಮೂರನೆಯದಕ್ಕೆ, ಅಕ್ಕ ಏನೂ ಕೇಳಬೇಡ ಎಂದು ಎರಡು ಸಲ ಯಾಕೆ ಅಂದಳು ಎಂಬುದು ತಲೆಗೆ ಹೊಕ್ಕಿತು. ಕೇಳುವಂಥದ್ದು ಏನಾದರೂ ಇದ್ದರಲ್ಲವೇ ಕೇಳಬೇಡ ಅನ್ನುವುದು? ಅವಳು ಎದ್ದು ಹೋಗ್ತಿದ್ಲು ಎಂದು ಅಕ್ಕನಿಗೆ ಅಷ್ಟು ಖಾತ್ರಿಯಾಗಿ ಗೊತ್ತಾದದ್ದು ಹೇಗೆ? ಇವಳು ಹೇಳಿರಬೇಕು. ಅಡುಗೆಮನೆಯಲ್ಲಿ ನಗುತ್ತಿದ್ದಾಗಲೋ, ಕೈ ಹಿಡಿದುಕೊಂಡು ನಿಂತಾಗಲೋ. ಎಂದಿನಿಂದ ಹೋಗಬೇಕು ಅಂದುಕೊಂಡಿದ್ದಾಳೆ? ಎಲ್ಲಿಗೆ? ಛೆ ಎಂದು ಅವನು ಗಟ್ಟಿಯಾಗಿಯೇ ಅಂದುಕೊಂಡ, ಮುಂದಿನ ಸೀಟಿನವನು ತಿರುಗಿ ನೋಡಿದ. ಏನೂ ಕೇಳುವುದಿಲ್ಲ, ಕಾಫಿ ಕುಡಿಯುತ್ತೇನೆ ಎಂದು ಮನೆಯ ತಿರುವಿನ ತನಕ ಜಪಿಸಿಕೊಂಡು ಬಂದ.

ಬೀದಿಯಿಂದಲೇ ಕಂಡಿತು, ಗಿಡದ ಕೋಣೆಯ ಕಿಟಕಿ ಪೂರ್ತಿ ತೆರೆದಿತ್ತು. ಒಳಗೆ ಹೋದರೆ ಹದಿನಾಲ್ಕು ಕುಂಡಗಳೂ ಊಟದ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಮಂಚಕ್ಕೆ ಒಗೆದ ಹೊದಿಕೆ ಹಾಸಿತ್ತು. ಹೆಂಡತಿ ಕಿಟಕಿಯ ಹತ್ತಿರ ನಿಂತು, ಚೌಕಟ್ಟಿಗೆ ಅಂಟಿಕೊಂಡ ಕೊನೆಯ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ಎಬ್ಬಿಸಿ ಕೀಳುತ್ತಿದ್ದಳು. ಚಳಿಗೆ ಅವಳ ಮೂಗು ಕೆಂಪಾಗಿತ್ತು. ಗಾಜನ್ನು ನೋಡಿ ಅವಳಿಗೂ ತಿಳಿದಿರಬೇಕು. ಎಷ್ಟೋ ವಾರದ ಮೇಲೆ ಅವಳು ಅವನ ಮುಖವನ್ನು ನೇರವಾಗಿ ನೋಡಿದಳು, ನೋಡಿ, ಅವನ ಹಿಂದೆ ಬಾಗಿಲ ಕಡೆ ಹುಡುಕಿದಳು. ಅತ್ತಿಗೆ ಬರಲಿಲ್ವಾ ಎಂದಳು. ಬರಲಿಲ್ಲ ಎಂದ. ತಪ್ಪಾಯಿತು ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅಕ್ಕನ ಹತ್ತಿರ ಹೋಗುತ್ತೇನೆ ಎಂದು ಅವನು ಇವಳಿಗೆ ಹೇಳಿಯೇ ಇರಲಿಲ್ಲ.

"ಅಕ್ಕನಿಗೆ ನೀನು ಏನು ಹೇಳಿದ್ದೆ?" ಎಂದು ಕೇಳಿದ.

ಅವಳು ಬೆರಳಿಗೆ ಅಂಟಿಕೊಂಡ ಪಟ್ಟಿಯನ್ನು ಬಿಡಿಸಲು ನೋಡಿದಳು, ಅದು ಇನ್ನೊಂದು ಬೆರಳಿಗೆ ಅಂಟಿಕೊಂಡಿತು.

"ಏನು ಹೇಳಿರಬೇಕು ಅಂತ ನೀವೇ ಹೇಳಿಬಿಡಿ," ಎಂದಳು. "ಒಪ್ಪಿಕೊಳ್ತೀನಿ."